ಮಳೆ ಎಷ್ಟು ಬಂತು?

ಆರಿದ್ರಾ ಮಳೆ ಹಿಡಿದು ಮೂರನೆಯ ದಿನ. ಬೆಳಿಗ್ಗೆ ಏಳು ಗಂಟೆಗೆ ಅಂಗಳದ ತುದಿಯಲ್ಲಿ ಕೊಡೆ ಹಿಡಿದು ನಿಂತು, ತೋಟದ ಕೆಳಗಿನ ಹಳ್ಳ ಕೆಂಪಾಗಿ ಉಕ್ಕಿ ಹರಿಯುವುದನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದೆ. ಮೂರು ಬಾರಿ ತೆಗೆದೆ. ಮೊದಲನೆಯದರಲ್ಲಿ ಕೊಡೆಯ ಅಂಚು ಬಂದಿತ್ತು, ಎರಡನೆಯದರಲ್ಲಿ ನಾಯಿ ಬೊಗಳಿದ್ದು ಕೇಳಿಸುತ್ತಿತ್ತು. ಮೂರನೆಯದನ್ನು ನಿಂತಲ್ಲಿಂದಲೇ ಇನ್‌ಸ್ಟಾಗ್ರಾಮಿಗೂ ಫೇಸ್‌ಬುಕ್ಕಿಗೂ ಹಾಕಿ ಒಳಗೆ ಬಂದೆ. ಒಲೆಯ ಮುಂದೆ ಕೂತಿದ್ದ ಅಮ್ಮ ಕೇಳಿದಳು: "ಎಷ್ಟು ಬಂತೋ ಮಳೆ?"

"ತುಂಬಾ ಬಂದಿದೆ" ಎಂದೆ. ಅಮ್ಮ ಸುಮ್ಮನಾದಳು. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಇದ್ದಾಗ ಆ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಅಂಕಿ ಉತ್ತರವಾಗಿ ಬರುತ್ತಿತ್ತು. "ಎಂಬತ್ತೇಳು" ಎನ್ನುತ್ತಿದ್ದ, ಅಥವಾ "ನೂರಾ ಹನ್ನೆರಡು". ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಮೇಲೆಯೇ ಅವನ ತಿಂಡಿ. ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ಮಳೆಗಾಲಗಳ ವಿಡಿಯೊಗಳು ನನ್ನ ಬಳಿ ನೂರಾರು ಇದ್ದವು. ಒಂದು ದಿನದ ಮಳೆಯ ಲೆಕ್ಕವೂ ಇರಲಿಲ್ಲ.

ನಮ್ಮ ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಹೋಗುವ ದಾರಿಯಿಂದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಅಡಿಕೆ ತೋಟ ಇಟ್ಟುಕೊಂಡವರಿಗೆ ಮಳೆಯ ಲೆಕ್ಕ ಬೇಕು. ಕೊಳೆರೋಗಕ್ಕೆಂದು ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ಔಷಧಿ, ಹೊಡೆದ ಮೇಲೆ ಎಷ್ಟು ಬಿತ್ತು, ನಡುವೆ ಎಷ್ಟು ದಿನ ಹೊಳವಾಯಿತು, ಎರಡನೇ ಸಲ ಯಾವಾಗ ಹೊಡೆಯಬೇಕು ಎಂಬುದೆಲ್ಲ ಅದರ ಮೇಲೆ ನಿಂತಿರುತ್ತದೆ. ತೋಟವನ್ನು ಈಗ ನೋಡಿಕೊಳ್ಳುವುದು ತಮ್ಮ. ನನ್ನದು ತೆರಿಗೆ ಸಲಹೆಗಾರನ ಕೆಲಸ, ಶಿವಮೊಗ್ಗದ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಊರಿಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಬಹುಪಾಲು ಕೆಲಸ ಮನೆಯಿಂದಲೇ. ಮಲೆನಾಡಿಗೆ ಹೋದರೆ ಮೊಬೈಲ್ ತಾನಾಗಿ ಬಿಟ್ಟುಹೋಗುತ್ತದೆ ಎಂದು ಪೇಟೆಯ ಗೆಳೆಯರು ತಿಳಿದಿದ್ದಾರೆ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುತ್ತಿದ್ದ ಕಾಲದಲ್ಲಿ ಅದು ನಿಜವಿದ್ದಿರಬಹುದು. ಈಗ ಕೊಟ್ಟಿಗೆಯಲ್ಲೂ ವೈಫೈ ಸಿಗುತ್ತದೆ.

ಅಂದು ರಾತ್ರಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಳಕೆಯ ಲೆಕ್ಕ ತೆಗೆದು ನೋಡಿದೆ. ದಿನಕ್ಕೆ ನಾಲ್ಕು ಗಂಟೆಗೂ ಮೇಲೆ. ಅದರಲ್ಲಿ ಕೆಲಸದ್ದು ಒಂದು ಗಂಟೆಯೂ ಇರಲಿಲ್ಲ. ಆದರೆ ನನಗೆ ಚುಚ್ಚಿದ್ದು ಆ ನಾಲ್ಕು ಗಂಟೆಯಲ್ಲ. ಹಳ್ಳದ ಮುಂದೆ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಹಳ್ಳವಾಗಿರಲಿಲ್ಲ, ವಿಡಿಯೊದ ಕೆಳಗೆ ಬರೆಯಬೇಕಾದ ಸಾಲು. ಒಳಗೆ ಮಾತಾಡುವ ದನಿಯೇ ಯಾರಿಗೋ ಹೇಳುವ ದನಿಯಾಗಿತ್ತು. ಮಂಜು ಕಂಡರೂ, ಅಮ್ಮ ಕೆಸುವಿನೆಲೆ ಸುತ್ತಿ ಪತ್ರೊಡೆ ಮಾಡಿದರೂ, ತಮ್ಮನ ಮಗು ಅಂಬೆಗಾಲಿಟ್ಟರೂ ಮೊದಲು ಹುಟ್ಟುತ್ತಿದ್ದುದು ನಾಲ್ಕು ಜನಕ್ಕೆ ತೋರಿಸುವ ವಾಕ್ಯ. ಕಂಡದ್ದು ನನ್ನೊಳಗೆ ಇಳಿಯುವ ಮೊದಲೇ ಹೊರಗೆ ಹೋಗಿಬಿಡುತ್ತಿತ್ತು. ಯಾವಾಗಿನಿಂದ ಹೀಗಾಯಿತು ಎಂದು ಹಾಸಿಗೆಯಲ್ಲಿ ಬಹಳ ಹೊತ್ತು ಯೋಚಿಸಿದೆ. ಹೆಂಚಿನ ಮೇಲೆ ಮಳೆ ಬೀಳುತ್ತಲೇ ಇತ್ತು.

ಮರುದಿನವೇ ಬಿಡುವುದೆಂದು ಗಟ್ಟಿ ಮಾಡಿದೆ. ಬಿಡುವುದಕ್ಕೂ ಕೆಲಸವಿದೆ. ಫೇಸ್‌ಬುಕ್‌ನಲ್ಲಿ ಎರಡು ಬಗೆ: ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಬಹುದು, ಇಲ್ಲವೇ ಪೂರ್ತಿ ಅಳಿಸಿಹಾಕಬಹುದು. ಅಳಿಸಲು ಕೋರಿಕೆ ಕೊಟ್ಟರೂ 30 ದಿನ ಬಾಗಿಲು ತೆರೆದೇ ಇರುತ್ತದೆ. ಅಷ್ಟರೊಳಗೆ ಮನಸ್ಸು ಬದಲಿಸಿ ಲಾಗಿನ್ ಆಗಿ ಕೋರಿಕೆ ಹಿಂತೆಗೆದುಕೊಂಡರೆ ಎಲ್ಲವೂ ಮೊದಲಿನಂತೆ. ಇನ್‌ಸ್ಟಾಗ್ರಾಮಿನದೂ ಅದೇ ರೀತಿ. ನಾನು ಮೊದಲು ಹಳೆಯ ಫೋಟೊಗಳನ್ನೆಲ್ಲ ಡೌನ್‌ಲೋಡ್ ಮಾಡಿಟ್ಟುಕೊಂಡೆ. ಆಮೇಲೆ ಫೇಸ್‌ಬುಕ್ ಅಳಿಸಲು ಕೊಟ್ಟು, ಹನ್ನೊಂದು ಸಾವಿರ ಜನ ನೋಡುತ್ತಿದ್ದ ನನ್ನ ಮಳೆಯ ಇನ್‌ಸ್ಟಾಗ್ರಾಮ್ ಪುಟವನ್ನು ನಿಲ್ಲಿಸಿಟ್ಟೆ. ಅದನ್ನೂ ಅಳಿಸುವ ಧೈರ್ಯ ಆ ದಿನ ಇರಲಿಲ್ಲ. ವಾಟ್ಸ್‌ಆ್ಯಪ್ ಬಿಡುವಂತಿರಲಿಲ್ಲ, ಅಂಗಡಿಯವರು ಬಿಲ್ಲುಗಳ ಫೋಟೊ ಕಳಿಸುವುದು ಅದರಲ್ಲೇ. ಹಾಗಾಗಿ ಗುಂಪುಗಳನ್ನೆಲ್ಲ ಸದ್ದಡಗಿಸಿ ಆರ್ಕೈವ್‌ಗೆ ತಳ್ಳಿದೆ. ಅಡಿಕೆ ಧಾರಣೆಯ ಗುಂಪುಗಳೇ ಮೂರಿದ್ದವು. ನಾವು ಮಾರುವ ರಾಶಿ ಇಡಿ ಎಂಬ ಬಗೆಯ ಅಡಿಕೆಯ ಬೆಲೆ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಮಾರುವ ದಿನ ತಮ್ಮ ಹೇಗೂ ಮಂಡಿಗೆ ಫೋನ್ ಮಾಡಿ ಕೇಳುತ್ತಾನೆ. ದಿನಕ್ಕೆ ಹತ್ತು ಸಲ ಅದನ್ನು ನೋಡುವುದರಿಂದ ನನಗೆ ಆಗಬೇಕಾದ್ದೇನೂ ಇರಲಿಲ್ಲ.

ಮೊದಲ ವಾರ ನನಗೆ ನನ್ನ ಹೆಬ್ಬೆರಳಿನ ಪರಿಚಯವಾಯಿತು. ಫೋನ್ ಕೈಗೆ ಬಂದರೆ ಸಾಕು, ಇನ್‌ಸ್ಟಾಗ್ರಾಮ್ ಇದ್ದ ಜಾಗಕ್ಕೆ ಅದು ತಾನಾಗಿ ಹೋಗಿ ಒತ್ತುತ್ತಿತ್ತು. ಆ ಜಾಗಕ್ಕೆ ಕ್ಯಾಲ್ಕುಲೇಟರ್ ಬಂದು ಕೂತಿತ್ತು. ದಿನಕ್ಕೆ ಎಷ್ಟೋ ಸಲ ಕಾರಣವಿಲ್ಲದೆ ಕ್ಯಾಲ್ಕುಲೇಟರ್ ತೆರೆದು, ಸೊನ್ನೆಯನ್ನು ನೋಡಿ ಮುಚ್ಚುತ್ತಿದ್ದೆ. ಬಚ್ಚಲ ಹಂಡೆಯ ನೀರು ಕಾಯುವಾಗ, ಹಾಲು ಉಕ್ಕಲು ಕಾಯುವಾಗ, ಲ್ಯಾಪ್‌ಟಾಪ್ ತೆರೆದುಕೊಳ್ಳುವಾಗ, ಎಲ್ಲಿ ಅರ್ಧ ನಿಮಿಷ ಖಾಲಿ ಬಂದರೂ ಕೈ ಜೇಬಿಗೆ. ಫೋನ್ ಮೇಜಿನ ಮೇಲಿದ್ದಾಗಲೂ ಜೇಬಿನಲ್ಲಿ ಏನೋ ಕಂಪಿಸಿದಂತಾಗುತ್ತಿತ್ತು. ಹೆಂಡತಿ ಗಮನಿಸುತ್ತಿದ್ದಳು. ನಾಲ್ಕನೆಯ ದಿನ "ನಿಮಗೆ ಬೇಕಿದ್ದರೆ ಒಂದು ಸಲ ನೋಡಿಬಿಡಿ, ಯಾಕೆ ಒದ್ದಾಡುತ್ತೀರಿ" ಎಂದಳು. ಅದು ಮರುಕದ ಮಾತು, ಚೇಷ್ಟೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ ಎಂದು ಓದಿದಾಗ, ಇದು ಮಕ್ಕಳ ಆಟದ ತೊಂದರೆ ಎಂದುಕೊಂಡು ಪುಟ ತಿರುಗಿಸಿದ್ದೆ. ನಲವತ್ತಾರು ವರ್ಷದವನ ಕೈಯೂ ಹೀಗೆ ಹಿಡಿತ ತಪ್ಪುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಎರಡನೆಯ ವಾರ ಅದಕ್ಕಿಂತ ಕಷ್ಟದ್ದು. ಇದನ್ನು ಬಿಡಿಸಿ ಹೇಳಬೇಕು. ಫೋನ್ ಬಿಟ್ಟವರು ಬಹಳ ಬೇಗ ಶಾಂತಿಯ ಮಾತಿಗೆ ಬಂದುಬಿಡುತ್ತಾರೆ. ನನಗೆ ಶಾಂತಿ ಸಿಗಲಿಲ್ಲ. ಸಿಕ್ಕಿದ್ದು ಕಿರಿಕಿರಿ. ಮಧ್ಯಾಹ್ನ ಜಗಲಿಯಲ್ಲಿ ಸುಮ್ಮನೆ ಕೂತರೆ, ತಮ್ಮನೊಂದಿಗೆ ಪಾಲಿನ ಮಾತಿನಲ್ಲಿ ಆಡಿದ್ದ ಬಿರುಸು ಮಾತುಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಹಳೆಯ ಗೆಳೆಯನೊಬ್ಬನ ಕಷ್ಟಕ್ಕೆ ಹಣ ಇದ್ದೂ ಇಲ್ಲವೆಂದಿದ್ದು ನೆನಪಾಗುತ್ತಿತ್ತು. ಅಪ್ಪನ ಕೊನೆಯ ತಿಂಗಳ ಆಸ್ಪತ್ರೆಯ ವಾಸನೆ ಬರುತ್ತಿತ್ತು. ಅಪ್ಪ ಹೋದ ದಿನ ಅವನ ಫೋಟೊ ಹಾಕಿ ನಾಲ್ಕು ಸಾಲು ಬರೆದಿದ್ದೆ. ಸಾಂತ್ವನದ ಸಾಲುಗಳು ನೂರಾರು ಬಂದವು. ಎಲ್ಲಕ್ಕೂ ಕೈಮುಗಿದ ಚಿಹ್ನೆ ಹಾಕುತ್ತ ಹಾಕುತ್ತ ಹನ್ನೆರಡು ದಿನ ಕಳೆದವು. ಈಗ ಕೇಳಿಕೊಂಡೆ: ನಾನು ಅತ್ತದ್ದು ಯಾವಾಗ? ನೆನಪಾಗಲಿಲ್ಲ. ನಾಲ್ಕು ವರ್ಷ ಹಿಂದೆ ಆಗಬೇಕಿದ್ದದ್ದು ಬಾಗಿಲ ಹೊರಗೇ ಕಾದು ಕೂತಿತ್ತು. ಒಳಗೆ ಬರಲು ಅದಕ್ಕೆ ನಾನು ಒಂದು ಖಾಲಿ ಮಧ್ಯಾಹ್ನ ಕೊಟ್ಟಿರಲಿಲ್ಲ.

ಮಳೆಮಾಪಕ ಹುಡುಕಿದ್ದು ಆ ವಾರದಲ್ಲೇ. ಅದು ಅಟ್ಟದಲ್ಲಿ, ಹಳೆಯ ಕಂಬಳಿಯ ಹಿಂದೆ ಇತ್ತು. ಹಸಿರು ಫೈಬರಿನ ಡಬ್ಬಿ, ಮೇಲೆ ಆಲಿಕೆ, ಒಳಗೆ ನೀರು ಸೇರುವ ಬಾಟಲಿ, ಜೊತೆಗೆ ಗೆರೆ ಹಾಕಿದ ಗಾಜಿನ ಅಳತೆಪಾತ್ರೆ. ಆಲಿಕೆಯ ಬಾಯಲ್ಲಿ ಕಣಜ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಎಲ್ಲವನ್ನೂ ತೊಳೆದು, ಅಂಗಳದಲ್ಲಿ ಅಪ್ಪ ಹಾಕಿಸಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟೆ. ಪಕ್ಕದ ಪೇರಲೆಗಿಡ ಈ ನಾಲ್ಕು ವರ್ಷದಲ್ಲಿ ಬೆಳೆದು ಕಟ್ಟೆಯ ಮೇಲೆ ಬಾಗಿತ್ತು. ಮಾಪಕದ ಮೇಲೆ ಮರದ ನೆರಳಾಗಲಿ ಎಲೆಯ ಹನಿಯಾಗಲಿ ಬೀಳಬಾರದು. ಕತ್ತಿ ತಂದು ಎರಡು ಕೊಂಬೆ ಕಡಿದೆ.

ಮೊದಲ ದಿನವೇ ಸೋತೆ. ಅಳತೆಪಾತ್ರೆ ಒಂದು ಸಲಕ್ಕೆ 20 ಮಿಲಿಮೀಟರ್ ಮಾತ್ರ ಹಿಡಿಯುತ್ತದೆ. ರಾತ್ರಿ ಭಾರಿ ಮಳೆ ಬಂದಿದ್ದರೆ ತುಂಬಿಸುವುದು, ಚೆಲ್ಲುವುದು, ಮತ್ತೆ ತುಂಬಿಸುವುದು, ಎಷ್ಟು ಸಲವಾಯಿತೆಂದು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ಕೊನೆಯದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗಾಜಿನಲ್ಲಿ ನೀರು ಬಟ್ಟಲಿನಂತೆ ತಗ್ಗಾಗಿರುವ ನಡುಭಾಗ ಯಾವ ಗೆರೆಗೆ ತಾಗುತ್ತದೋ ಅದನ್ನು ಓದಬೇಕು. ಮೂರು ಸಲ ಚೆಲ್ಲುವಷ್ಟರಲ್ಲಿ ನನಗೆ ಇದು ಮೂರನೆಯದೋ ನಾಲ್ಕನೆಯದೋ ಎಂದು ಮರೆತುಹೋಯಿತು. ಕೈಯಲ್ಲಿ ಅಳತೆಪಾತ್ರೆ, ಕಾಲ ಬಳಿ ಚೆಲ್ಲಿದ ನೀರು, ಲೆಕ್ಕ ಇಲ್ಲ. ಆ ನೀರು ಮತ್ತೆ ಸಿಗುವಂಥದ್ದಲ್ಲ. ಅಂಗಡಿಗಳ ಲಕ್ಷಗಟ್ಟಲೆ ರೂಪಾಯಿಯ ಲೆಕ್ಕ ನೋಡುವವನು ನಾನು, ನಾಲ್ಕರವರೆಗೆ ಎಣಿಸುವಷ್ಟು ಹೊತ್ತು ಒಂದೇ ಕಡೆ ಮನಸ್ಸಿಡಲಾಗಲಿಲ್ಲ. ಅಂದು ಪುಸ್ತಕದಲ್ಲಿ ಅಂಕಿಯ ಬದಲು "ಲೆಕ್ಕ ತಪ್ಪಿತು" ಎಂದು ಬರೆದೆ. ಸುಳ್ಳು ಅಂಕಿ ಬರೆಯಲು ಅಪ್ಪನ ಪುಸ್ತಕದಲ್ಲಿ ಕೈ ಬರಲಿಲ್ಲ. ಮರುದಿನ ಒಂದೊಂದು ಸಲ ಚೆಲ್ಲಿದಾಗಲೂ ಕಟ್ಟೆಯ ಮೇಲೆ ಒಂದೊಂದು ಕಲ್ಲು ಇಟ್ಟೆ. ಹತ್ತು ದಿನದ ಮೇಲೆ ಕಲ್ಲು ಬೇಕಾಗಲಿಲ್ಲ.

ಅಪ್ಪನ ಪುಸ್ತಕಗಳು ಒಟ್ಟು ಹನ್ನೊಂದು. ಹಳೆಯದರಲ್ಲಿ ಮಳೆ ಇಂಚು, ಸೆಂಟ್ಸ್‌ನಲ್ಲಿದೆ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್), ಆಮೇಲಿನದೆಲ್ಲ ಮಿಲಿಮೀಟರ್. ತಿಂಗಳಿಗೆ ಒಂದು ಪುಟ. 31ನೇ ಸಾಲಿನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಮೊತ್ತ. ಮುಂದೆ ಓದಬೇಕೆಂದರೆ ಹಾಳೆ ತಿರುಗಿಸಬೇಕು, ತಿರುಗಿಸುವಾಗ ಒಂದು ಕ್ಷಣ ನಿಲ್ಲಬೇಕು. ನನ್ನ ಫೋನಿನಲ್ಲಿ ಆ ನಿಲುಗಡೆ ಇರಲಿಲ್ಲ. ಎಳೆದಷ್ಟೂ ಬರುವ ಆ ಕೊನೆಯಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಮುಂದೆ ತನ್ನ ಕೆಲಸಕ್ಕೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟ. ಅದನ್ನು ತಿಳಿದಾಗ ನನಗೆ ಸಿಟ್ಟು ಬರಲಿಲ್ಲ, ಸಮಾಧಾನವಾಯಿತು. ತಪ್ಪು ಪೂರ್ತಿ ನನ್ನ ಮನೋಬಲದ್ದಲ್ಲ, ನಿಲ್ಲುವ ಜಾಗವನ್ನೇ ತೆಗೆದುಹಾಕಿದ್ದರು.

ಅಂಕಿಯ ಪಕ್ಕದಲ್ಲಿ ಅಪ್ಪ ಒಂದೆರಡು ಮಾತು ಬರೆಯುತ್ತಿದ್ದ. "ಔಷಧಿ ಮುಗಿಯಿತು." "ಕೆಂದ ಕರು ಹಾಕಿತು, ಹೆಣ್ಣು." "ಗಾಳಿ. ಎಂಟು ಮರ ಬಿತ್ತು." ಓದುತ್ತ ಹೋದಾಗ 2019ರ ಆಗಸ್ಟ್ ಬಂತು. ಆ ಆಶ್ಲೇಷಾ ಮಳೆಯನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ನನಗಂತೂ ಅದು ಬೇರೆ ಕಾರಣಕ್ಕೆ ನೆನಪಿತ್ತು. ನಮ್ಮ ಹಳ್ಳದ ಕಾಲುಸಂಕ ಕೊಚ್ಚಿಹೋಗುವ ಕ್ಷಣವೇ ನನ್ನ ಕ್ಯಾಮೆರಾಕ್ಕೆ ಸಿಕ್ಕಿತ್ತು. ನನ್ನ ಪುಟ ಬೆಳೆದದ್ದೇ ಆ ವಿಡಿಯೊದಿಂದ. ಎಷ್ಟು ಜನ ನೋಡಿದರು, ಯಾವ ಸುದ್ದಿವಾಹಿನಿ ಕೇಳಿತು ಎಂಬುದೆಲ್ಲ ಇವತ್ತಿಗೂ ಬಾಯಿಪಾಠ. ಅಪ್ಪನ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: "212. ಸಂಕ ಹೋಯಿತು. ಕರೆಂಟಿಲ್ಲ. ಹುಡುಗರಿಬ್ಬರೂ ಮನೆಯಲ್ಲಿ."

ಆ ಸಾಲನ್ನು ಎಷ್ಟು ಹೊತ್ತು ನೋಡಿದೆನೋ. ನಲವತ್ತು ವರ್ಷದ ನಾನೂ, ಮಕ್ಕಳ ತಂದೆಯಾದ ತಮ್ಮನೂ ಅವನಿಗೆ ಹುಡುಗರು. ಹೊರಗೆ ಊರು ಮುಳುಗುತ್ತಿರುವಾಗ ಇಬ್ಬರೂ ಒಂದೇ ಮಾಡಿನ ಕೆಳಗೆ ಇದ್ದಾರೆ ಎಂಬುದು ಅವನಿಗೆ ಬರೆದಿಡಬೇಕಾದ ವಿಷಯ. ಆ ರಾತ್ರಿ ನಾವು ಏನು ಉಂಡೆವು, ಬುಡ್ಡಿದೀಪದ ಬೆಳಕಿನಲ್ಲಿ ಅಪ್ಪ ಏನು ಮಾತಾಡಿದ, ಸಂಕವನ್ನು ಮೊದಲು ಕಟ್ಟಿದ ಕಥೆ ಹೇಳಿದನೋ ಇಲ್ಲವೋ, ನೆನಪಿಗೆ ತಂದುಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಏನೂ ಬರಲಿಲ್ಲ. ನೆನಪಾಗುವುದು ಒಂದೇ: ಫೋನಿನ ಚಾರ್ಜ್ ಮುಗಿಯುತ್ತಿದೆ ಎಂಬ ಆತಂಕ, ಮತ್ತು ಕಾರಿನ ಎಂಜಿನ್ ಚಾಲು ಮಾಡಿ ಅದರಲ್ಲಿ ಕೂತು ಚಾರ್ಜ್ ಮಾಡಿದ್ದು. ಮನೆಯಲ್ಲಿದ್ದಾನೆ ಎಂದು ಅಪ್ಪ ಬರೆಯುತ್ತಿದ್ದಾಗ ನಾನು ಬಹುಶಃ ಕಾರಿನಲ್ಲಿದ್ದೆ. ಅಂದು ಅಟ್ಟದ ಮೆಟ್ಟಿಲ ಮೇಲೆ ಕೂತು ಅತ್ತೆ. ಕೆಳಗಿನಿಂದ ಅಮ್ಮ ಒಂದು ಸಲ ಕೂಗಿ, ಆಮೇಲೆ ಕೂಗಲಿಲ್ಲ.

ನಷ್ಟವೂ ಆಯಿತು. ಜುಲೈಯಲ್ಲಿ ಸಂಬಂಧದ ಚಿಕ್ಕಪ್ಪನೊಬ್ಬ ತೀರಿಕೊಂಡ. ಸುದ್ದಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತು, ನಾನು ನೋಡಲಿಲ್ಲ. ತಮ್ಮ ತೋಟದ ಕೆಲಸದಲ್ಲಿದ್ದ, ಅಣ್ಣನಿಗೆ ಗೊತ್ತಿರುತ್ತದೆ ಎಂದುಕೊಂಡ. ಮೂರನೆಯ ದಿನ ಹೋದೆ. ಚಿಕ್ಕಮ್ಮ ಏನೂ ಅನ್ನಲಿಲ್ಲ, ಆದರೆ ಜಗಲಿಯಲ್ಲಿ ಕೂತವರು ಅತ್ತಿತ್ತ ನೋಡಿದರು. ನಮ್ಮಲ್ಲಿ ಮದುವೆಗೆ ತಪ್ಪಿಸಿಕೊಂಡರೂ ನಡೆಯುತ್ತದೆ, ಸಾವಿಗೆ ತಪ್ಪಿಸಿಕೊಳ್ಳುವಂತಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅಮೆರಿಕದಲ್ಲಿ 2018ರಲ್ಲಿ ಅರ್ಥಶಾಸ್ತ್ರಜ್ಞರು ಜನರಿಂದ ನಾಲ್ಕು ವಾರ ಫೇಸ್‌ಬುಕ್ ಬಿಡಿಸಿ ನೋಡಿದ್ದರು. ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸು ಸ್ವಲ್ಪ ಹಗುರಾಯಿತು, ಆದರೆ ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ನನ್ನ ಪಾಲಿಗೆ ಆ ಕಡಿಮೆಯಾದ ಸುದ್ದಿ ಚಿಕ್ಕಪ್ಪನ ಸಾವು. ಅದು ಸಣ್ಣ ಬೆಲೆ ಎಂದು ಹೇಳಲಾರೆ. ಆಮೇಲೆ ಕುಟುಂಬದ ಗುಂಪೊಂದನ್ನು ಆರ್ಕೈವ್‌ನಿಂದ ಹೊರಗೆ ತೆಗೆದು, ಸಂಜೆ ಒಮ್ಮೆ ನೋಡುತ್ತೇನೆ. ನಾಲ್ಕೈದು ಹಿರಿಯರ ಮನೆಗೆ ಭಾನುವಾರ ನಾನೇ ಫೋನ್ ಮಾಡುತ್ತೇನೆ.

ಪುನರ್ವಸು ಮಳೆ ಜೋರಾದಾಗ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದೆ. ದಾರಿಯಲ್ಲಿ ಗಾಜನೂರು ಅಣೆಕಟ್ಟೆಯಿಂದ ನೀರು ಬಿಟ್ಟಿದ್ದು ಕಂಡಿತು. ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಮಂಟಪ ಮುಳುಗಿತಂತೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿರುವ ಕಲ್ಲುಮಂಟಪ ಮುಳುಗಿದರೆ ತುಂಗೆ ತುಂಬಿದಳು ಎಂದು ಶಿವಮೊಗ್ಗದವರ ಲೆಕ್ಕ. ಅದೂ ಒಂದು ಮಳೆಮಾಪಕವೇ. ಸಂಜೆ ನಾನೂ ಹೋದೆ. ಹೊಳೆಯ ದಂಡೆಯ ಉದ್ದಕ್ಕೂ ಜನ, ಎತ್ತಿದ ಕೈಗಳು, ಕೈಗಳಲ್ಲಿ ಫೋನು. ನನ್ನ ಕೈಯೂ ಜೇಬಿನ ತನಕ ಹೋಯಿತು. ಅಲ್ಲೇ ಇಟ್ಟುಕೊಂಡೆ. ಒಂದು ಹೆಂಗಸು ಮೊರದ ಬಾಗಿನಕ್ಕೆ ಅರಿಸಿನ ಕುಂಕುಮ ಹಚ್ಚಿ ನೀರಿಗೆ ಬಿಟ್ಟಳು. ಅದು ಸುಳಿಯಲ್ಲಿ ಎರಡು ಸುತ್ತು ಸುತ್ತಿ, ಒಮ್ಮೆ ದಂಡೆಯ ಕಡೆಗೇ ಬಂದಂತೆ ಮಾಡಿ, ನಡುಹೊಳೆ ಸೇರಿತು. ಸೇತುವೆಯ ಕೆಳಗೆ ಹೋಗುವವರೆಗೂ ಅದನ್ನೇ ನೋಡಿದೆ. ಇದೇ ನೀರು ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ, ಇದರಲ್ಲಿ ನಮ್ಮ ಹಳ್ಳದ ನೀರೂ ಇದೆ, ನಿನ್ನೆ ನಾನು ಅಳೆದು ಚೆಲ್ಲಿದ 94 ಮಿಲಿಮೀಟರ್ ಕೂಡ ಇಲ್ಲೆಲ್ಲೋ ಇರಬಹುದು ಎಂದು ಅನಿಸಿತು. ಆಮೇಲೆ ಬಸ್ಸಿನಲ್ಲಿ ಕೂತಾಗ ಗಮನಿಸಿದೆ: ಅಷ್ಟು ಹೊತ್ತೂ ಒಂದು ವಾಕ್ಯವನ್ನೂ ನಾನು ಯಾರಿಗೂ ಜೋಡಿಸಿರಲಿಲ್ಲ. ಅನಿಸಿದ್ದು ಅನಿಸಿದ ಹಾಗೆಯೇ ಒಳಗಿತ್ತು.

ಈಗ ಕಾರ್ತಿಕ. ಮನೆಯಲ್ಲಿ ಕೊಯ್ಲು ಶುರುವಾಗಿದೆ. ರಾತ್ರಿ ಸುಲಿಯುವವರ ಮಾತು, ಭದ್ರಾವತಿ ಆಕಾಶವಾಣಿಯ ಹಾಡು, ಒಲೆಯ ಮೇಲೆ ಅಡಿಕೆ ಬೇಯುವ ಚೊಗರಿನ ವಾಸನೆ. ನಾನೂ ಮೆಟ್ಟುಗತ್ತಿಯ ಮುಂದೆ ಕೂರುತ್ತೇನೆ. ಎದುರಿಗೆ ತಮ್ಮ ಕೂತಿರುತ್ತಾನೆ. ಪಾಲಿನ ಮಾತಿನಲ್ಲಿ ಆಡಿದ್ದಕ್ಕೆ ಒಂದು ರಾತ್ರಿ ಅವನ ಹತ್ತಿರ ತಪ್ಪಾಯಿತು ಎಂದೆ. ಅವನು ತಲೆ ಎತ್ತದೆ, ಒಂದು ಅಡಿಕೆ ಸುಲಿದು ಮುಗಿಸಿ, "ಆಯಿತು ಬಿಡು ಅಣ್ಣ" ಎಂದ. ಫೇಸ್‌ಬುಕ್ ಹೋಗಿಯೇ ಹೋಯಿತು. ಇನ್‌ಸ್ಟಾಗ್ರಾಮಿನ ಪುಟವನ್ನು ದಸರೆಯ ಮರುದಿನ ಅಳಿಸಲು ಕೊಟ್ಟೆ. ಮಳೆಯಿಲ್ಲದ ದಿನ ಅಪ್ಪ ಸೊನ್ನೆ ಹಾಕುತ್ತಿರಲಿಲ್ಲ, ಒಂದು ಸಣ್ಣ ಅಡ್ಡಗೆರೆ ಎಳೆದು ಪಕ್ಕದಲ್ಲಿ ಏನಾದರೂ ಬರೆಯುತ್ತಿದ್ದ. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ತಮ್ಮನ ದೊಡ್ಡ ಮಗಳು ಮೊನ್ನೆ ಅಜ್ಜನ ಪುಸ್ತಕ ನೋಡಿ, "ದೊಡ್ಡಪ್ಪ, ಇದರ ಫೋಟೊ ಹಾಕಿದರೆ ಎಷ್ಟು ಜನ ಇಷ್ಟಪಡುತ್ತಾರೆ ಗೊತ್ತಾ" ಎಂದಳು. ಅವಳು ಹೇಳಿದ್ದು ನಿಜ. ನಾನು ಪುಸ್ತಕವನ್ನು ಅವಳ ಕೈಗೇ ಕೊಟ್ಟು, ಅವಳು ಹುಟ್ಟಿದ ದಿನದ ಪುಟ ತೆಗೆದುಕೊಟ್ಟೆ. ಅವಳು ಗಟ್ಟಿಯಾಗಿ ಓದಲು ಹೊರಟವಳು ನಡುವೆ ನಿಲ್ಲಿಸಿ, ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ಅಜ್ಜ ಅಲ್ಲಿ ಏನು ಬರೆದಿದ್ದಾನೆಂದು ನನಗೆ ಗೊತ್ತು. ಅದು ಅವಳದು, ಇಲ್ಲಿ ಬರೆಯುವುದಿಲ್ಲ.